ಮೇರಿ ಅಂತ ಕರೆಯುತ್ತಿದ್ದರು

ಆ ಪುಸ್ತಕ ನನ್ನ ಕೈಗೆ ಬಂದಿದ್ದು ಅದರ ಮೇಲಿದ್ದ ಹೆಸರಿನಿಂದ. ಹಳೆ ಪುಸ್ತಕದ ಅಂಗಡಿಯಲ್ಲಿ ಮಗಳಿಗೆ ಏನಾದರೂ ಸಿಗುತ್ತಾ ಅಂತ ಮಕ್ಕಳ ಪುಸ್ತಕಗಳ ರಾಶಿ ಮುಂದೆ ಕೂತು ಹುಡುಕುತ್ತಿದ್ದೆ. ತೆಳ್ಳಗಿನ ಒಂದು ಪುಸ್ತಕದ ಮೇಲೆ 'ನಾಯ್ಡು' ಅಂತ ಕಾಣಿಸಿತು. ನಮ್ಮ ಬೀದಿಯಲ್ಲೇ ನಾಯ್ಡುಗಳ ಎರಡು ಮನೆಗಳಿವೆ. ನಮ್ಮ ಕಡೆಯವರು ಯಾರೋ ಮಕ್ಕಳಿಗೆ ಬರೆದಿದ್ದಾರೆ ಅಂದುಕೊಂಡು ಎಳೆದೆ. 'ಜರ್ನಿ ಟು ಜೋಬರ್ಗ್', ಬೆವರ್ಲಿ ನಾಯ್ಡು. ಜೋಬರ್ಗ್ ಅಂದರೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್. ನೂರು ಪುಟವೂ ಇಲ್ಲ. ತೆರೆದರೆ ಮೊದಲು ಸಿಕ್ಕಿದ್ದು ಅರ್ಪಣೆಯ ಪುಟ. ತಾಯಿಯಿಂದ ದೂರದಲ್ಲಿ ಸತ್ತುಹೋದ ಇಬ್ಬರು ಪುಟ್ಟ ಮಕ್ಕಳ ನೆನಪಿಗೆ, ಮತ್ತು ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸಕ್ಕಿದ್ದ ಅವರ ತಾಯಿ ಮ್ಮಾ ಸೆಬಾಟೆಗೆ ಅಂತ ಬರೆದಿತ್ತು. ಅರ್ಪಣೆ ಓದಿ ಅಲ್ಲೇ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಷ್ಟು ಚಿಕ್ಕ ಪುಸ್ತಕಕ್ಕೆ ಇಷ್ಟು ಭಾರದ ಬಾಗಿಲಾ ಅನ್ನಿಸಿತು.

ಆಮೇಲೆ ಈ ಲೇಖಕಿ ಬರೆದಿದ್ದು, ಅವರ ಬಗ್ಗೆ ಬಂದಿದ್ದು, ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಮನಸ್ಸನ್ನು ಕೊರೆಯುತ್ತಾ ಇತ್ತು. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ಐದಾರು ವರ್ಷ ದಿನಾ ಬಂದಿದ್ದಾಳೆ. ನಮ್ಮ ಮನೆ, ಪಕ್ಕದ ಮನೆ, ಎರಡೂ ಕಡೆ ಮುಸುರೆ ತಿಕ್ಕಿ, ಬಟ್ಟೆ ಒಗೆದು ಹೋಗುತ್ತಿದ್ದಳು. ನಾವು ಅವಳನ್ನು 'ಆಯಮ್ಮ' ಅನ್ನುತ್ತಿದ್ದೆವು. ಆಯಮ್ಮ ಬಂದ್ಲಾ, ಆಯಮ್ಮಂಗೆ ಕಾಫಿ ಕೊಟ್ಯಾ, ಅಷ್ಟೇ. ಆಯಮ್ಮ ಅಂದರೆ ಹೆಸರಲ್ಲ, 'ಆ ಹೆಂಗಸು' ಅಂತ ಅರ್ಥ. ಅವಳ ಲೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟೀಲಿನದು, ಕಂಠದ ಹತ್ತಿರ ಒಂದು ಕಡೆ ನೆಗ್ಗಿತ್ತು. ಹಿತ್ತಲಲ್ಲಿ ಒಗೆಯೋ ಕಲ್ಲಿನ ಪಕ್ಕದ ಗೋಡೆ ಮೇಲೆ ಬೋರಲು ಹಾಕಿರುತ್ತಿತ್ತು. ಮಳೆಗಾಲದಲ್ಲಿ ಅದರ ಸುತ್ತ ಪಾಚಿ ಕಟ್ಟುತ್ತಿತ್ತು. ಲೋಟದ ನೆಗ್ಗು ನೆನಪಿದೆ, ಹೆಸರು ಮಾತ್ರ ಇಲ್ಲ.

ಟೆಲಿಗ್ರಾಂ

ಬೆವರ್ಲಿ ಹುಟ್ಟಿದ್ದು 1943ರಲ್ಲಿ, ಜೋಹಾನ್ಸ್‌ಬರ್ಗ್‌ನ ಒಂದು ಬಿಳಿಯರ ಮನೆಯಲ್ಲಿ. ಆಗ ಅವರು ಬೆವರ್ಲಿ ಟ್ರುಹೇಲಾ. ಅವರಿಗೆ ಐದು ವರ್ಷ ಆದಾಗ, 1948ರಲ್ಲಿ, ಬಿಳಿಯರ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ಅಲ್ಲಿಯವರೆಗೆ ರೂಢಿಯಲ್ಲೂ ಬಿಡಿ ಬಿಡಿ ಕಾನೂನುಗಳಲ್ಲೂ ಇದ್ದ ಬಣ್ಣದ ಭೇದ ಪೂರ್ತಿ ಸರ್ಕಾರದ ನೀತಿಯೇ ಆಯಿತು. ಆ ಮನೆಯಲ್ಲಿ ಅಡುಗೆ ಮಾಡಿಕೊಂಡು, ಮಗುವನ್ನೂ ನೋಡಿಕೊಂಡು ಒಬ್ಬ ಕಪ್ಪು ಹೆಂಗಸಿದ್ದರು. ಮನೆಯವರು ಅವರನ್ನು ಮೇರಿ ಅಂತ ಕರೆಯುತ್ತಿದ್ದರು. ಪುಸ್ತಕದ ಅರ್ಪಣೆಯಲ್ಲಿದ್ದ ಮ್ಮಾ ಸೆಬಾಟೆ ಇವರೇ. ಅವರಿಗೂ ಮೂವರು ಹೆಣ್ಣು ಮಕ್ಕಳು. ಆ ಮಕ್ಕಳಿದ್ದದ್ದು ಎಷ್ಟೋ ಮೈಲಿ ದೂರದ ಹಳ್ಳಿಯಲ್ಲಿ. ಬೆಳಿಗ್ಗೆ ಎದ್ದು ಇನ್ನೊಬ್ಬರ ಮಗುವಿಗೆ ತಲೆ ಬಾಚಿ, ಊಟ ಕೊಟ್ಟು, ರಾತ್ರಿ ಹಿತ್ತಲಿನ ಕೋಣೆಗೆ ಹೋಗಿ ಮಲಗುವುದು ಆ ತಾಯಿಯ ಬದುಕು.

ಒಂದು ದಿನ ಅವರಿಗೆ ಒಂದು ಟೆಲಿಗ್ರಾಂ ಬಂತು. ಓದಿದವರೇ ಕುಸಿದುಬಿದ್ದರು. ಮೂವರು ಮಕ್ಕಳಲ್ಲಿ ಇಬ್ಬರು ಸತ್ತಿದ್ದರು. ಡಿಫ್ತೀರಿಯಾ. ನಮ್ಮಲ್ಲಿ ಹಿಂದಿನವರು ಗಂಟಲುಮಾರಿ ಅನ್ನುತ್ತಿದ್ದ ಕಾಯಿಲೆ. ಆ ಕಾಯಿಲೆ ಬರದ ಹಾಗೆ ಚುಚ್ಚುಮದ್ದು ಆಗಲೇ ಇತ್ತು. ಬಿಳಿ ಮಗು ಬೆವರ್ಲಿಗೆ ಅದನ್ನು ಹಾಕಿಸಿದ್ದರು. ಒಂದೇ ಹೆಂಗಸಿನ ಕೈಯಲ್ಲಿ ಊಟ ಮಾಡಬೇಕಾಗಿದ್ದ ಮಕ್ಕಳು, ಒಬ್ಬಳಿಗೆ ಸೂಜಿ ಸಿಕ್ಕಿತು, ಇನ್ನಿಬ್ಬರಿಗೆ ಸಿಗಲಿಲ್ಲ.

ಬೆವರ್ಲಿ ಇದನ್ನು ಕಣ್ಣಾರೆ ನೋಡಿದರು. ಆದರೆ ತಾನು ನೋಡಿದ್ದು ಏನು ಅಂತ ಅರ್ಥ ಆಗೋದಕ್ಕೆ ಬಹಳ ವರ್ಷ ಬೇಕಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತು. ಮಗು ನೋಡುತ್ತೆ, ಆದರೆ ನೋಡಿದ್ದಕ್ಕೆ ಅರ್ಥ ಹಚ್ಚುವುದು ದೊಡ್ಡವರು. ದೊಡ್ಡವರು ಬಾಯಿ ಮುಚ್ಚಿಕೊಂಡರೆ, ಇಲ್ಲಾ 'ಪಾಪ, ಮೇರಿ' ಅಂದು ಮುಂದೆ ಹೋದರೆ, ಮಗುವೂ ಹಾಗೇ ಮುಂದೆ ಹೋಗುತ್ತೆ. ಅವರು ಓದಿದ ಕಾನ್ವೆಂಟ್ ಶಾಲೆಯಲ್ಲಿ ನಾಜಿಗಳು ಯಹೂದಿಗಳಿಗೆ ಮಾಡಿದ್ದನ್ನು ಓದಿಸುತ್ತಿದ್ದರಂತೆ. ಆದರೆ ಶಾಲೆಯ ಗೇಟಿನ ಆಚೆ ಏನು ನಡೀತಿದೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಅಲ್ಲಿ ಯಾರೂ ಹೇಳಲಿಲ್ಲ.

ಎಂಟು ವಾರ

ಕಣ್ಣು ಬಿಟ್ಟಿದ್ದು ಕಾಲೇಜಿಗೆ ಹೋದ ಮೇಲೆ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ, ಕಪ್ಪು ಜನ ಎಲ್ಲೇ ಹೋದರೂ ಪಾಸ್ ಪುಸ್ತಕ ಇಟ್ಟುಕೊಂಡಿರಬೇಕು ಅನ್ನೋ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಬೆವರ್ಲಿ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಅದರ ಬೆನ್ನಿಗೇ ಬಂದ ವರ್ಷಗಳಲ್ಲಿ. ಅಲ್ಲಿ ಅವರು ಪ್ರತಿಭಟನೆಗೆ ಇಳಿದವರ ಜೊತೆ ಸೇರಿದರು. 1963ರಲ್ಲಿ ಸರ್ಕಾರ ಇನ್ನೊಂದು ಕಾನೂನು ತಂದಿತ್ತು. ಆಪಾದನೆ ಇಲ್ಲದೆ, ವಿಚಾರಣೆ ಇಲ್ಲದೆ 90 ದಿನ ಯಾರನ್ನು ಬೇಕಾದರೂ ಒಳಗೆ ಹಾಕಬಹುದು. 1964ರಲ್ಲಿ ಅದೇ ಕಾನೂನಿನ ಕೆಳಗೆ ಬೆವರ್ಲಿಯನ್ನು ಎಂಟು ವಾರ ಇಟ್ಟರು. ಆಗ ಅವರಿಗೆ 21 ವರ್ಷ. ಅವರ ಅಣ್ಣ ಪಾಲ್ ಕೂಡ ಜೈಲು ಕಂಡವರು. 1965ರಲ್ಲಿ ಬೆವರ್ಲಿ ಇಂಗ್ಲೆಂಡಿಗೆ ಹೊರಟರು. ಯಾರ್ಕ್‌ನಲ್ಲಿ ಓದಿ, ಲಂಡನ್ನಿನಲ್ಲಿ ಟೀಚರ್ ಆದರು.

'ನಾಯ್ಡು' ಬಂದಿದ್ದು ಅಲ್ಲಿ. ಅವರು ಮದುವೆಯಾದ ನಂದಾ ನಾಯ್ಡು ಕೂಡ ದಕ್ಷಿಣ ಆಫ್ರಿಕಾದಿಂದಲೇ ದೇಶ ಬಿಟ್ಟು ಬಂದವರು. ಮದರಾಸಿನಿಂದ ಹೊರಟ ಟ್ರೂರೋ ಹಡಗು 1860ರ ನವೆಂಬರಿನಲ್ಲಿ ಡರ್ಬನ್ನಿಗೆ ಹೋಗಿ ಮುಟ್ಟಿತು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ದುಡಿಯಲು ಹೋದ ನಮ್ಮ ದಕ್ಷಿಣದವರ ಮೊದಲ ತಂಡ ಅದು. ತೆಲುಗರು, ತಮಿಳರು ಆಮೇಲೂ ಸಾಲು ಸಾಲಾಗಿ ಹೋದರು. ಆ ಮಣ್ಣಿನಲ್ಲಿ ನಾಯ್ಡು, ಪಿಳ್ಳೈ, ಗೋವೆಂಡರ್ ಅನ್ನೋ ಹೆಸರುಗಳು ಬೇರು ಬಿಟ್ಟವು. ಹಾಗಾಗಿ ಅಂಗಡಿಯಲ್ಲಿ 'ನಮ್ಮ ಕಡೆಯವರು' ಅಂದುಕೊಂಡಿದ್ದರಲ್ಲಿ ಪೂರ್ತಿ ತಪ್ಪೇನೂ ಇರಲಿಲ್ಲ. ಆದರೆ ಒಬ್ಬ ಬಿಳಿ ಹೆಂಗಸು ಒಬ್ಬ ನಾಯ್ಡುವನ್ನು ಮದುವೆಯಾಗಿ ತನ್ನದೇ ದೇಶದಲ್ಲಿ ಬಾಳುವುದು ಆಗ ಅಪರಾಧ. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗಬಾರದು ಅನ್ನೋ 1949ರ ಕಾನೂನು ರದ್ದಾಗಿದ್ದು 1985ರಲ್ಲಿ. ಅವರ ಮೊದಲ ಕಾದಂಬರಿ ಬಂದಿದ್ದೂ ಅದೇ ವರ್ಷ. ಅಂದರೆ ಪುಸ್ತಕದ ಮೇಲೆ ಅಚ್ಚಾದ ಎರಡು ಪದದ ಆ ಹೆಸರೇ ಅವರ ದೇಶದಲ್ಲಿ ಅಷ್ಟು ವರ್ಷ ಇರಲು ಸಾಧ್ಯವೇ ಇಲ್ಲದ ಹೆಸರು. ಇದು ಗೊತ್ತಾದ ಮೇಲೆ ಆ ಮುಖಪುಟ ನೋಡುವ ರೀತಿಯೇ ಬದಲಾಯಿತು ನನಗೆ.

ಮುನ್ನೂರು ಕಿಲೋಮೀಟರು

ಲಂಡನ್ನಿನಲ್ಲಿ ಪಾಠ ಹೇಳುತ್ತಾ, ಅಲ್ಲಿನ ಮಕ್ಕಳಿಗೆ ದಕ್ಷಿಣ ಆಫ್ರಿಕಾ ಬಗ್ಗೆ ಓದಲು ಏನಿದೆ ಅಂತ ಬೆವರ್ಲಿ ಹುಡುಕಿ ನೋಡಿದರು. ಚಿನ್ನದ ಗಣಿ ಇತ್ತು, ಪ್ರಾಣಿಗಳಿದ್ದವು, ಒಳ್ಳೆ ಬಿಸಿಲಿತ್ತು. ಅಲ್ಲಿನ ಬಹುಪಾಲು ಜನ ಹೇಗೆ ಬದುಕುತ್ತಿದ್ದಾರೆ ಅನ್ನೋದು ಮಾತ್ರ ಇರಲಿಲ್ಲ. ಬ್ರಿಟನ್ನಿನಲ್ಲಿ ವರ್ಣಭೇದದ ವಿರುದ್ಧ ಕೆಲಸ ಮಾಡುತ್ತಿದ್ದ ಡಿಫೆನ್ಸ್ ಅಂಡ್ ಏಡ್ ಫಂಡ್ ಅನ್ನೋ ಸಂಸ್ಥೆಯ ಶಿಕ್ಷಣ ಸಮಿತಿಯ ಜೊತೆ ಅವರು ಈ ಪುಸ್ತಕಗಳನ್ನೆಲ್ಲ ಪರಿಶೀಲಿಸಿ ಬರೆದರು. ಬರೀ ಟೀಕೆ ಮಾಡಿದರೆ ಸಾಲದು, ಮಕ್ಕಳ ಕೈಗೆ ಒಂದು ಕಥೆ ಕೊಡಬೇಕು ಅಂತ ಕೂತಾಗ ಅವರಿಗೆ ಆ ಟೆಲಿಗ್ರಾಂ ನೆನಪಾಯಿತು.

ಕಥೆ ಇಷ್ಟೇ. ನಲೇಡಿಗೆ 13 ವರ್ಷ, ತಮ್ಮ ಟೀರೋಗೆ 9. ಪುಟ್ಟ ತಂಗಿ ಡಿನೇಯೋಗೆ ಜ್ವರ ಏರುತ್ತಿದೆ. ಅಪ್ಪ ಗಣಿಯ ಕೆಮ್ಮಿನಲ್ಲಿ ಸತ್ತುಹೋಗಿದ್ದಾನೆ. ಅಮ್ಮ ಮುನ್ನೂರು ಕಿಲೋಮೀಟರು ದೂರದ ಜೋಹಾನ್ಸ್‌ಬರ್ಗ್‌ನಲ್ಲಿ ಬಿಳಿಯರ ಮನೆಗೆಲಸಕ್ಕಿದ್ದಾಳೆ. ಟೆಲಿಗ್ರಾಂ ಕಳಿಸಲು ಅಜ್ಜಿಯ ಹತ್ತಿರ ದುಡ್ಡಿಲ್ಲ. ಸರಿ, ನಾವೇ ಹೋಗಿ ಕರೆದುಕೊಂಡು ಬರೋಣ ಅಂತ ಅಕ್ಕ ತಮ್ಮ ಬರಿಗಾಲಲ್ಲಿ ಟಾರು ರಸ್ತೆ ಹಿಡಿದು ಹೊರಡುತ್ತಾರೆ. ದಾರಿಯಲ್ಲಿ ಕಿತ್ತಳೆ ತೋಟ ಸಿಗುತ್ತೆ, ಅಲ್ಲಿ ಕೆಲಸಕ್ಕಿರುವ ಹುಡುಗ ಒಬ್ಬ ರಾತ್ರಿ ಮಲಗಲು ಜಾಗ ತೋರಿಸುತ್ತಾನೆ. ಲಾರಿಯವನೊಬ್ಬ ಹತ್ತಿಸಿಕೊಳ್ಳುತ್ತಾನೆ. ಊರು ಮುಟ್ಟಿದ ಮೇಲೆ ಗೊತ್ತಿಲ್ಲದೆ ಬಿಳಿಯರ ಬಸ್ಸು ಹತ್ತಲು ಹೋಗುತ್ತಾರೆ.

ಇಲ್ಲಿಯವರೆಗೆ ನನ್ನ ಮಗಳಿಗೆ ಇದು ಸಾಹಸದ ಕಥೆ. ಹತ್ತು ವರ್ಷದವಳು, ಬೆಡ್‌ಶೀಟಿನ ಒಳಗೆ ಕಾಲು ಮಡಚಿಕೊಂಡು 'ಮುಂದೆ ಹೇಳಮ್ಮ, ಮುಂದೆ' ಅನ್ನುತ್ತಿದ್ದಳು. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಆಮೇಲೆ ಮಕ್ಕಳು ಅಮ್ಮ ಕೆಲಸ ಮಾಡುವ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಮ್ಮ ಅವರನ್ನು ತಬ್ಬಿಕೊಂಡು ಅಳುತ್ತಾಳೆ. ಮಗು ಸಾಯೋ ಹಾಗಿದೆ, ಈಗಲೇ ಹೋಗಬೇಕು ಅಂತ ಮನೆಯೊಡತಿಯನ್ನು ಕೇಳುತ್ತಾಳೆ. ಒಡತಿ ಹೊಡೆಯುವುದಿಲ್ಲ, ಬೈಯುವುದಿಲ್ಲ. ಇವತ್ತು ರಾತ್ರಿ ನಾವು ಪಾರ್ಟಿಗೆ ಹೋಗಬೇಕಲ್ಲ, ನಮ್ಮ ಮಗುವನ್ನು ನೋಡಿಕೊಳ್ಳಲು ನೀನಿರಬೇಕು, ನಾಳೆ ಹೋಗು ಅನ್ನುತ್ತಾಳೆ. ಇಡೀ ಪುಸ್ತಕದ ಬೆನ್ನುಮೂಳೆ ಇರುವುದು ಇಲ್ಲಿ ಅಂತ ನನಗೆ ಅನ್ನಿಸುತ್ತೆ. ಆ ಒಡತಿ ರಾಕ್ಷಸಿಯಾಗಿದ್ದರೆ ಓದೋದು ಸುಲಭ. ಅವಳು ಸಾಧಾರಣ ಹೆಂಗಸು. ಅವಳ ದನಿಯಲ್ಲಿ ಸಿಟ್ಟು ಕೂಡ ಇಲ್ಲ, ಸ್ವಲ್ಪ ತೊಂದರೆ ಆಯಿತಲ್ಲ ಅನ್ನೋ ಕಿರಿಕಿರಿ ಅಷ್ಟೇ. ಮಗಳು ಎದ್ದು ಕೂತಳು. 'ಅವಳು ಯಾಕೆ ಹೋಗಲಿಲ್ಲ? ಸುಮ್ನೆ ಹೊರಟುಬಿಡಬಹುದಿತ್ತಲ್ವಾ?' ಅಂತ ಕೇಳಿದಳು. ಹೊರಟರೆ ಕೆಲಸ ಹೋಗುತ್ತೆ. ಕೆಲಸ ಹೋದರೆ ಪಾಸ್ ಪುಸ್ತಕದಲ್ಲಿ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಆ ಊರಿನಲ್ಲಿ ಕಾಲಿಡುವ ಹಾಗಿಲ್ಲ. ಕಾಲಿಡದಿದ್ದರೆ ಮಕ್ಕಳಿಗೆ ಅನ್ನ ಇಲ್ಲ. ಇದನ್ನೆಲ್ಲ ಮಗುವಿಗೆ ಬಿಡಿಸಿ ಹೇಳುವಾಗ ನನ್ನ ದನಿ ಸರಿಯಾಗಿ ಹೊರಡಲಿಲ್ಲ.

ಮಕ್ಕಳು ಕೂಡ ಆ ಮನೆಯಲ್ಲಿ ರಾತ್ರಿ ಉಳಿಯುವ ಹಾಗಿಲ್ಲ, ಪೊಲೀಸರ ಭಯ. ಮರುದಿನ ಅಮ್ಮನ ಜೊತೆ ಊರಿಗೆ ಹೋಗಿ, ಮಗುವನ್ನು ಆಸ್ಪತ್ರೆಗೆ ಒಯ್ದರೆ ಅಲ್ಲಿ ಉದ್ದದ ಸಾಲು. ಡಿನೇಯೋ ಉಳಿಯುತ್ತಾಳೆ. ಡಾಕ್ಟರು ಮಗುವಿಗೆ ಹಾಲು, ಹಣ್ಣು, ತರಕಾರಿ ಕೊಡಿ ಅನ್ನುತ್ತಾರೆ. ಅದಕ್ಕೆ ದುಡ್ಡು ಎಲ್ಲಿಂದ ತರೋದು ಅನ್ನೋ ಯೋಚನೆ ಹೊತ್ತುಕೊಂಡು ಅವರು ಮನೆಗೆ ಬರುತ್ತಾರೆ. ನಿಜದಲ್ಲಿ ಉಳಿಯದ ಮಕ್ಕಳಲ್ಲಿ ಒಂದನ್ನಾದರೂ ಬೆವರ್ಲಿ ಕಥೆಯಲ್ಲಿ ಉಳಿಸಿಕೊಂಡರು ಅಂತ ನಾನು ಓದಿಕೊಳ್ಳುತ್ತೇನೆ.

ದಕ್ಷಿಣ ಆಫ್ರಿಕಾ ಸರ್ಕಾರ ಈ ಪುಸ್ತಕವನ್ನು ನಿಷೇಧಿಸಿತು. ಅಲ್ಲಿದ್ದ ತಮ್ಮ ಬಂಧುಗಳ ಮಕ್ಕಳಿಗೆ ಬೆವರ್ಲಿ ಕಳಿಸಿದ ಪ್ರತಿಗಳನ್ನು ಕಸ್ಟಮ್ಸ್‌ನವರು ಹಿಡಿದಿಟ್ಟುಕೊಂಡರು. ಸೈನ್ಯ ಇದ್ದ, ಪೊಲೀಸರಿದ್ದ, ಚಿನ್ನದ ಗಣಿ ಇದ್ದ ಸರ್ಕಾರ ಅದು. ಬರಿಗಾಲಲ್ಲಿ ನಡೆಯುವ ಇಬ್ಬರು ಮಕ್ಕಳ ಕಥೆ ಅದಕ್ಕೆ ಬೇಡವಾಯಿತು. ನಿಷೇಧ ಎದ್ದಿದ್ದು 1991ರಲ್ಲಿ, ಮಂಡೇಲಾ ಜೈಲಿನಿಂದ ಬಿಡುಗಡೆಯಾದ ಮರುವರ್ಷ.

ಯಾರ ಕಣ್ಣಿಂದ?

ಒಂದು ಪ್ರಶ್ನೆ ಇದೆ, ಅದನ್ನು ದಾಟಿಕೊಂಡು ಹೋಗಲು ನನಗೆ ಮನಸ್ಸಿಲ್ಲ. ಬಿಳಿ ಹೆಂಗಸೊಬ್ಬಳು ಕಪ್ಪು ಹುಡುಗಿಯ ಒಳಗನ್ನು ಬರೆಯಬಹುದಾ? ಕನ್ನಡ ಓದುಗರಿಗೆ ಇದು ಹೊಸದಲ್ಲ. ದಲಿತ-ಬಂಡಾಯದ ದಿನಗಳಿಂದ ನಾವು ಇದನ್ನು ಕೇಳಿಕೊಂಡೇ ಬಂದಿದ್ದೇವೆ. ನನ್ನ ಮಟ್ಟಿಗೆ, ನಲೇಡಿಯ ಒಳಗನ್ನು ನಲೇಡಿಯಂಥವರು ಬರೆದರೆ ಅದರ ತೂಕವೇ ಬೇರೆ. ಬೆವರ್ಲಿಯ ಪುಸ್ತಕದಲ್ಲಿ ಹಳ್ಳಿಯ ಮನೆಯ ವಿವರ ಕಡಿಮೆ. ಅಜ್ಜಿಯ ಮಾತು, ಒಲೆಯ ಹೊಗೆ ಇವೆಲ್ಲ ದೂರದಿಂದ ಕಂಡ ಹಾಗಿವೆ. ಆದರೆ ಆ ಒಡತಿಯ ಮನೆ, ಅದರ ಹಿತ್ತಿಲು, ಆ ನಯವಾದ ಮಾತು, ಅದು ಒಳಗಿನವರೇ ಬರೆಯಬಲ್ಲದ್ದು. ಆ ಮನೆಯಲ್ಲೇ ಊಟ ಮಾಡಿ ಬೆಳೆದವರು ಬರೆದ ಸಾಕ್ಷಿ ಅದು. ಅಷ್ಟಕ್ಕೇ ನನಗೆ ಅದು ಬೆಲೆಯುಳ್ಳದ್ದು.

ಬೆವರ್ಲಿ ಈ ಪ್ರಶ್ನೆಯನ್ನು ತಾವೇ ಹೊತ್ತು ತಿರುಗಿದವರು. ಇಂಗ್ಲೆಂಡಿನ ಒಂದು ಶಾಲೆಯ ಬಿಳಿ ಮಕ್ಕಳ ಜೊತೆ ವರ್ಣಭೇದದ ಕಥೆಗಳನ್ನು ಓದಿ, ಅವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ನೋಡಿದರು. ಅದರ ಮೇಲೆ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. 1992ರಲ್ಲಿ ಅದು ಪುಸ್ತಕವಾಗಿ ಬಂತು. ಹೆಸರು 'ಥ್ರೂ ಹೂಸ್ ಐಸ್?', ಯಾರ ಕಣ್ಣಿಂದ ಅಂತ.

ಆಮೇಲಿನ ಪುಸ್ತಕಗಳು ಒಂದರ ಹಿಂದೆ ಒಂದು ಬಂದವು. 1989ರ 'ಚೈನ್ ಆಫ್ ಫೈರ್'ನಲ್ಲಿ ಅದೇ ನಲೇಡಿಯ ಹಳ್ಳಿಯ ಮನೆ ಬಾಗಿಲುಗಳ ಮೇಲೆ ಒಂದು ಬೆಳಿಗ್ಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿರುತ್ತೆ. ಊರನ್ನೇ ಎತ್ತಂಗಡಿ ಮಾಡಿ 'ಹೋಮ್‌ಲ್ಯಾಂಡ್' ಅನ್ನೋ ಬರಡು ನೆಲಕ್ಕೆ ತಳ್ಳುವ ಮುನ್ಸೂಚನೆ ಅದು. ದೇಶದ ಬಹುಸಂಖ್ಯಾತರಾದ ಕಪ್ಪು ಜನರಿಗೆ ಕಾನೂನು ಬಿಟ್ಟುಕೊಟ್ಟಿದ್ದು ಶೇಕಡ 13ರಷ್ಟು ಭೂಮಿ. 1995ರ 'ನೋ ಟರ್ನಿಂಗ್ ಬ್ಯಾಕ್' ಜೋಹಾನ್ಸ್‌ಬರ್ಗ್‌ನ ಬೀದಿ ಮಕ್ಕಳದ್ದು. ಅದಕ್ಕಾಗಿ ಅವರು ಆ ಬೀದಿಗಳಿಗೇ ಹೋಗಿ ಮಕ್ಕಳನ್ನು ಮಾತಾಡಿಸಿದರು. 'ಔಟ್ ಆಫ್ ಬೌಂಡ್ಸ್' ಅನ್ನೋ ಕಥಾಸಂಕಲನಕ್ಕೆ ವರ್ಣಭೇದದ ವಿರುದ್ಧ ಹೋರಾಡಿದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮುನ್ನುಡಿ ಬರೆದಿದ್ದಾರೆ. 1948ರಿಂದ 2000ದವರೆಗೆ ದಶಕಕ್ಕೆ ಒಂದಾದರೂ ಕಥೆ.

ಬಹುಮಾನ ತಂದಿದ್ದು 2000ದಲ್ಲಿ ಬಂದ 'ದಿ ಅದರ್ ಸೈಡ್ ಆಫ್ ಟ್ರುತ್'. ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಕ್ಕೆ ಸಿಗುವ ದೊಡ್ಡ ಗೌರವ ಕಾರ್ನೆಗಿ ಮೆಡಲ್ ಅದಕ್ಕೆ ಬಂತು. ಇದು ನೈಜೀರಿಯಾದ ಕಥೆ. 1995ರ ನವೆಂಬರ್ 10ರಂದು ಅಲ್ಲಿನ ಮಿಲಿಟರಿ ಸರ್ಕಾರ ಬರಹಗಾರ ಕೆನ್ ಸಾರೋ-ವಿವಾ ಅವರನ್ನು ಗಲ್ಲಿಗೆ ಹಾಕಿತು. ಕಾದಂಬರಿಯ ಸಾಡೆಯ ಅಪ್ಪ ಲಾಗೋಸ್‌ನಲ್ಲಿ ಪತ್ರಕರ್ತ, ನಿಜ ಬರೆಯುವುದನ್ನು ಬಿಡುವವನಲ್ಲ. ಬೆಳಿಗ್ಗೆ ಮನೆ ಮುಂದೆ ಗುಂಡಿನ ಸದ್ದು, ಅಮ್ಮ ಹೋಗಿಬಿಡುತ್ತಾಳೆ. ಸಾಡೆ, ತಮ್ಮ ಫೆಮಿ ಸುಳ್ಳು ಪಾಸ್‌ಪೋರ್ಟಿನಲ್ಲಿ ಲಂಡನ್ನಿಗೆ ಬರುತ್ತಾರೆ. ಕರೆತಂದ ಹೆಂಗಸು ಅವರನ್ನು ನಡುದಾರಿಯಲ್ಲಿ ಬಿಟ್ಟು ಮಾಯವಾಗುತ್ತಾಳೆ. ನಿಜ ಹೇಳೋದೇ ಧರ್ಮ ಅಂತ ಬೆಳೆದ ಮಕ್ಕಳು ಈಗ ಜೀವ ಉಳಿಸಿಕೊಳ್ಳಲು ಪ್ರತಿ ಆಫೀಸಿನಲ್ಲೂ ಸುಳ್ಳು ಹೆಸರು ಹೇಳಬೇಕು. ಇಲ್ಲೂ ಹೆಸರಿನದೇ ಸಂಕಟ, ನೋಡಿ. ಬೆವರ್ಲಿಯ ಪುಸ್ತಕಗಳಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಇದು. ಇಲ್ಲಿ ಅವರು ಒಡತಿಯ ಮನೆಯಿಂದ ಹೊರಗೆ ಬಂದು, ಸಾಲಿನಲ್ಲಿ ನಿಂತವರ ಜೊತೆ ತಾವೂ ನಿಂತಿದ್ದಾರೆ. ಒಂದು ಕಾಲಕ್ಕೆ ಅವರೂ ದೇಶ ಬಿಟ್ಟು ಬಂದು ಆ ಊರಿನಲ್ಲಿ ಇಳಿದವರೇ ಅಲ್ವಾ.

2007ರ 'ಬರ್ನ್ ಮೈ ಹಾರ್ಟ್' 1950ರ ದಶಕದ ಕೀನ್ಯಾದ್ದು, ಬ್ರಿಟಿಷರ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ಹೋರಾಟದ ಕಾಲ. ಬಿಳಿ ಜಮೀನ್ದಾರನ ಮಗ ಮ್ಯಾಥ್ಯೂ, ಆ ಮನೆಯಲ್ಲೇ ಕೆಲಸಕ್ಕಿರುವ ಹುಡುಗ ಮುಗೋ, ಇಬ್ಬರೂ ಜೊತೆಗೆ ಬೆಳೆದವರು. ಒಂದು ಬೆಂಕಿ ಅನಾಹುತ ಆಗುತ್ತೆ. ನಡೆದದ್ದು ಏನು ಅಂತ ಮ್ಯಾಥ್ಯೂಗೆ ಗೊತ್ತು. ಅವನು ಬಾಯಿ ಬಿಡುವುದಿಲ್ಲ. ಅದರ ಬೆಲೆಯನ್ನು ಮುಗೋನ ಮನೆಯವರು ತೆರುತ್ತಾರೆ. ನೋಡಿಯೂ ಸುಮ್ಮನಿದ್ದ ಮಗು ಮತ್ತೆ ಇಲ್ಲಿ ಬಂತು. 2012ರಲ್ಲಿ ಅವರು ದೊಡ್ಡವರಿಗೆ ಒಂದು ಜೀವನಚರಿತ್ರೆ ಬರೆದರು. ಅವರ ಬಂಧು, ಡಾಕ್ಟರು, ಕಾರ್ಮಿಕ ಸಂಘಟಕ ನೀಲ್ ಆಗೆಟ್ 1982ರ ಫೆಬ್ರುವರಿ 5ರಂದು ಜೋಹಾನ್ಸ್‌ಬರ್ಗ್‌ನ ಪೊಲೀಸ್ ಠಾಣೆಯಲ್ಲಿ ಸತ್ತಿದ್ದರು. ವಯಸ್ಸು 28. ಆತ್ಮಹತ್ಯೆ, ಯಾರದ್ದೂ ತಪ್ಪಿಲ್ಲ ಅಂತ ಆಗಿನ ವಿಚಾರಣೆ ಮುಗಿಸಿತ್ತು. ಮತ್ತೆ ವಿಚಾರಣೆ ನಡೆದು, ಅವರನ್ನು ಕೊಂದಿದ್ದು ಭದ್ರತಾ ಪೊಲೀಸರೇ ಅಂತ ನ್ಯಾಯಾಧೀಶರು ಹೇಳಿದ್ದು 2022ರಲ್ಲಿ. ನಲವತ್ತು ವರ್ಷ ಆದ ಮೇಲೆ.

ಆಯಮ್ಮ

ನನಗೆ ಏಳೋ ಎಂಟೋ ವರ್ಷ. ಸೀತಾಳೆ ಸಿಡುಬು ಬಂದಿತ್ತು. ಅಪ್ಪ ಅಮ್ಮ ಇಬ್ಬರಿಗೂ ಕೆಲಸ, ರಜ ಇಲ್ಲ. ನಾಲ್ಕು ದಿನ ಆಯಮ್ಮನೇ ನನ್ನ ಜೊತೆ ಇದ್ದಳು. ಬೇವಿನ ಎಲೆ ತಂದು ಹಾಸಿಗೆ ಮೇಲೆ ಹರಡಿದಳು. ಕೆರೆದುಕೊಳ್ಳಬಾರದು ಅಂತ ನನ್ನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಅವಳ ಅಂಗೈ ಸೋಪಿನ ಪುಡಿಗೆ ಬಿರುಕು ಬಿಟ್ಟು ಒರಟಾಗಿತ್ತು. ಆ ಒರಟು ಕೈ ಮೆಲ್ಲಗೆ ಸವರಿದರೆ ನವೆ ಕಡಿಮೆ ಆಗುತ್ತಿತ್ತು. ಐದನೇ ದಿನ ಅವಳು ಬರಲಿಲ್ಲ. ಆಮೇಲೆ ಒಂದು ವಾರ ಬರಲಿಲ್ಲ. ಬಂದಾಗ ಅಮ್ಮ, 'ಹೇಳಿ ಹೋಗಬಾರದಾ?' ಅಂದರು. 'ಮಗೀಗೂ ಅದೇ ಆಗಿತ್ತು ಕಣಕ್ಕ' ಅಂದಳು ಅವಳು. ಅಷ್ಟು ಹೇಳಿ ಪಾತ್ರೆ ಹಾಕಿಕೊಂಡು ಕೂತಳು. ನಾನು ಅಡುಗೆಮನೆ ಹೊಸಿಲ ಮೇಲೆ ನಿಂತು ಕೇಳಿಸಿಕೊಂಡೆ.

ನನ್ನ ಮನೆಯನ್ನು ಆ ದೇಶದ ಜೊತೆ ತೂಗುತ್ತಿಲ್ಲ. ಅಲ್ಲಿದ್ದ ಕಾನೂನು ಇಲ್ಲಿರಲಿಲ್ಲ. ಆಯಮ್ಮ ಸಂಜೆ ತನ್ನ ಮನೆಗೆ ಹೋಗುತ್ತಿದ್ದಳು, ತನ್ನ ಮಗುವಿನ ಪಕ್ಕ ಮಲಗುತ್ತಿದ್ದಳು. ಆದರೂ ಆ ನಾಲ್ಕು ದಿನದ ಹಗಲಲ್ಲಿ ಅವಳ ಮಗುವಿನ ಕೈಯನ್ನು ಯಾರು ಹಿಡಿದುಕೊಂಡಿದ್ದರು ಅಂತ ಈಗ ಕೇಳಬೇಕು ಅನ್ನಿಸುತ್ತೆ. ಆಗ ಅನ್ನಿಸಲಿಲ್ಲ.  ಇದು ಹೊಳೆದಿದ್ದು ಮೊನ್ನೆ, ಮಗಳಿಗೆ ಆ ಪುಸ್ತಕ ಓದುತ್ತಿದ್ದಾಗ.

ಅಮ್ಮನಿಗೆ ಫೋನ್ ಮಾಡಿದೆ. 'ಅಮ್ಮ, ಆಯಮ್ಮನ ಹೆಸರೇನು?'

'ಯಾವ ಆಯಮ್ಮ?'

'ನಂಗೆ ಸಿಡುಬು ಆದಾಗ ನೋಡಿಕೊಂಡಳಲ್ಲ.'

ಅಮ್ಮ ತುಂಬಾ ಹೊತ್ತು ಯೋಚನೆ ಮಾಡಿದರು. ಅವಳು ತರುತ್ತಿದ್ದ ಸೊಪ್ಪು ನೆನಪಾಯಿತು. ಅವಳ ಗಂಡ ಗಾರೆ ಕೆಲಸದವನು ಅನ್ನೋದು ನೆನಪಾಯಿತು. ಹೆಸರು ಬರಲಿಲ್ಲ.

'ಅವಳ ಮಗುಗೂ ಆಗಿತ್ತಲ್ಲ, ಅದು ಹುಷಾರಾಯ್ತಾ?' ಅಂತ ಕೇಳಿದೆ.

'ಆಗಿರತ್ತೆ ಕಣೇ' ಅಂದರು. ಸ್ವಲ್ಪ ತಡೆದು, 'ನಾನು ಕೇಳ್ಲಿಲ್ಲ' ಅಂದರು. ಮತ್ತೆ ಅವರೇ, 'ತಾಳು, ಪಕ್ಕದ ಮನೆಯವರನ್ನ ಕೇಳಿ ಹೇಳ್ತೀನಿ. ಅವರ ಮನೇಲೂ ಮಾಡ್ತಿದ್ದಳು' ಅಂದರು.

ಮರುದಿನ ಬೆಳಿಗ್ಗೆ ನಾನು ಕಾಫಿಗೆ ಇಡುತ್ತಿದ್ದಾಗ ಫೋನ್ ಬಂತು. ಅವರ ಮನೆಯಲ್ಲೂ ಆಯಮ್ಮ ಅಂತಲೇ ಕರೀತಿದ್ದರಂತೆ.